ಅಜ್ಜನ ಅಜ್ಜನ ಹೆಸರೇನು?

ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಬಂದಾಗಲೆಲ್ಲ, ಮೆಂಡೆಲನ ಬಟಾಣಿ ಗಿಡಗಳಿಗೆ ಹೋಗುವ ಮುಂಚೆ ನಾನು ಮಕ್ಕಳಿಗೆ ಒಂದು ಪ್ರಶ್ನೆ ಹಾಕುವುದುಂಟು. ನಿಮ್ಮ ಅಜ್ಜನ ಹೆಸರೇನು? ಎಲ್ಲರ ಕೈಯೂ ಮೇಲೇಳುತ್ತದೆ. ಅಜ್ಜನ ತಂದೆಯ ಹೆಸರು? ನಾಲ್ಕೈದು ಕೈ. ಅಜ್ಜನ ಅಜ್ಜ? ಒಂದೂ ಇಲ್ಲ. ಅಜ್ಜಿಯ ಅಜ್ಜಿ ಯಾರೆಂದು ಕೇಳಿದರೆ ಇಡೀ ತರಗತಿ ನಗುತ್ತದೆ. ನಗುವಂಥದ್ದೇನೂ ಇಲ್ಲ. ಆಕೆ ಇದ್ದದ್ದು ಹೆಚ್ಚೆಂದರೆ ನೂರು, ನೂರಿಪ್ಪತ್ತು ವರ್ಷಗಳ ಹಿಂದೆ. ಹಿಂದಿನ ಬೆಂಚಿನ ಹುಡುಗನ ಗುಂಗುರು ಕೂದಲು ಆಕೆಯಿಂದಲೇ ಬಂದದ್ದಿರಬಹುದು.

ಲೆಕ್ಕ ಸುಲಭ. ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು ಜನ. ಹೀಗೆ ದ್ವಿಗುಣವಾಗುತ್ತಾ ಹೋದರೆ ಹತ್ತನೇ ತಲೆಮಾರಿಗೆ 1024, ಇಪ್ಪತ್ತನೇ ತಲೆಮಾರಿಗೆ 10 ಲಕ್ಷ ದಾಟುತ್ತದೆ. ಮೂವತ್ತನೆಯದಕ್ಕೆ 107 ಕೋಟಿ! ತಲೆಮಾರಿಗೆ 25 ವರ್ಷವೆಂದು ಹಿಡಿದರೆ ಇದು 750 ವರ್ಷಗಳ ಹಿಂದಿನ ಮಾತು. ಆಗ ಇಡೀ ಭೂಮಿಯ ಜನಸಂಖ್ಯೆ ಇದರ ಅರ್ಧದಷ್ಟೂ ಇರಲಿಲ್ಲ. ಲೆಕ್ಕ ತಪ್ಪಿತೇ? ಇಲ್ಲ. ಒಬ್ಬರೇ ಪೂರ್ವಜರು ಹಲವು ದಾರಿಗಳಿಂದ ನಮಗೆ ಮತ್ತೆ ಮತ್ತೆ ಪೂರ್ವಜರಾಗುತ್ತಾರೆ. ನಮ್ಮ ಕಡೆ ಸೋದರತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ರೂಢಿ ಇದೆಯಲ್ಲ, ಅಂಥ ದಂಪತಿಯ ಮಗುವಿಗೆ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಿಲ್ಲ, ಆರೇ ಮಂದಿ. ಕಾಗದದ ಮೇಲೆ ಬರೆದು ನೋಡಿ.

ಎಂಟಾಗಲಿ ಆರಾಗಲಿ, ಆ ಹೆಸರುಗಳನ್ನು ಹುಡುಕುವುದೆಲ್ಲಿ? ಯೂರೋಪಿನ ಹಳ್ಳಿಗಳವರು ಇಂಥ ಹುಡುಕಾಟಕ್ಕೆ ಹೊರಟರೆ ಮೊದಲು ಹೋಗುವುದು ಚರ್ಚಿನ ಹಿಂದಿನ ಸ್ಮಶಾನಕ್ಕೆ. ಒಂದೇ ಮನೆತನದ ನಾಲ್ಕೈದು ತಲೆಮಾರು ಅಕ್ಕಪಕ್ಕ ಮಲಗಿರುತ್ತದೆ. ಕಲ್ಲಿನ ಮೇಲೆ ಹೆಸರು, ತಾರೀಖು, ವಯಸ್ಸು, ಯಾರ ಹೆಂಡತಿ, ಯಾರ ಮಗ ಎಂಬುದೆಲ್ಲ ಇರುತ್ತದೆ. ಅಂಥ ಜನ ನಮ್ಮ ನಾಡಿಗೂ ಬರುತ್ತಾರೆ. ಕೋಲಾರದ ಚಿನ್ನದ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ದುಡಿಯಲು ಬಂದು ಇಲ್ಲೇ ಮಣ್ಣಾದವರಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಗೆ ಹತ್ತಿರದಲ್ಲೇ, ಕಾವೇರಿಯ ಬದಿಗೆ, ದಂಡಿನವರ ಹಳೆಯ ಸ್ಮಶಾನವೊಂದಿದೆ. ದರಿಯಾ ದೌಲತ್ ನೋಡಲು ಹೋದ ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ. ನಿಲ್ಲಿಸಬೇಕು.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಬಿದ್ದ ಮೇಲೆ ಇಂಗ್ಲಿಷರ ದಂಡು ಅಲ್ಲಿ ಬೀಡುಬಿಟ್ಟಿತು. ಅದರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಎಂಬ ಮನೆತನದವರು ಕಟ್ಟಿದ ಬಾಡಿಗೆ ರೆಜಿಮೆಂಟೂ ಇತ್ತು. ಆ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿವೆ. ಪಾಳುಬಿದ್ದಿದ್ದ ಅದು ಇತ್ತೀಚಿನ ವರ್ಷಗಳಲ್ಲಿ ದುರಸ್ತಿಯಾಗಿದ್ದರ ಹಿಂದೆ ಆ ಮನೆತನದ ಇಂದಿನವರ ಆಸಕ್ತಿ ಇತ್ತು. ಅಲ್ಲಿ ಮಲಗಿದವರೆಲ್ಲ ಯುದ್ಧದಲ್ಲಿ ಸತ್ತವರಲ್ಲ. ಯುದ್ಧ ಮುಗಿದ ಮೇಲೆ ಆ ದ್ವೀಪದಲ್ಲಿ ಜ್ವರ ದಂಡನ್ನು ಹಿಂಡಿತು. ಹೆಂಗಸರೂ ಮಕ್ಕಳೂ ಹೋದರು. ಕೊನೆಗೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಬೇಕಾಯಿತು. ನಮ್ಮ ಬೆಂಗಳೂರು ಕಂಟೋನ್‌ಮೆಂಟಿನ ಹುಟ್ಟಿನಲ್ಲಿ ಸೊಳ್ಳೆಯ ಪಾಲೂ ಇದೆ ಎನ್ನಬಹುದು. ಆಗ ಯಾರಿಗೂ ಇದು ಗೊತ್ತಿರಲಿಲ್ಲ. ಜ್ವರ ಬರುವುದು ಕೆಟ್ಟ ಗಾಳಿಯಿಂದ ಎಂದು ನಂಬಿದ್ದರು. ಮಲೇರಿಯಾ ಎಂಬ ಇಟಾಲಿಯನ್ ಪದದ ಅರ್ಥವೇ ಅದು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕುಳಿತು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಈ ಗೋರಿಗಳಿಗೆ ಪಾಚಿ ಹಿಡಿದಿತ್ತು.

ಸ್ಮಶಾನವನ್ನು ಓದುವ ಮೊದಲ ಪಾಠ ಇಲ್ಲೇ ಇದೆ. ಒಂದು ಕಲ್ಲು ಒಬ್ಬ ಮನುಷ್ಯನ ಕಥೆ ಹೇಳುತ್ತದೆ. ತಾರೀಖುಗಳನ್ನೆಲ್ಲ ಸಾಲಾಗಿ ಬರೆದುಕೊಂಡರೆ ಊರಿನ ಕಥೆ ಬರುತ್ತದೆ. ಎರಡನೆಯ ಪಾಠವೆಂದರೆ ಕಲ್ಲನ್ನು ಒಂಟಿಯಾಗಿ ನಂಬಬಾರದು. ಮದರಾಸು ಪ್ರಾಂತದ ಪಾದ್ರಿಗಳು ಹುಟ್ಟು, ಮದುವೆ, ಸಾವುಗಳ ಪಟ್ಟಿಯ ಪ್ರತಿಯನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಬೆಂಗಳೂರಿನವೂ ಅದರಲ್ಲಿ ಸೇರಿವೆ, ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಲ್ಲು ಮತ್ತು ಪುಸ್ತಕ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಶೋಧಕರು ಒಪ್ಪುತ್ತಾರೆ. ಪ್ರಯೋಗಶಾಲೆಯಲ್ಲಿ ನಾವು ಒಂದೇ ಅಳತೆಯನ್ನು ಎರಡು ಸಲ ತೆಗೆಯುವುದು ಇದಕ್ಕೇ ಅಲ್ಲವೇ?

ಇನ್ನು ಕಲ್ಲಿನ ಸಂಗತಿ. ಕಲ್ಲೆಂದರೆ ಶಾಶ್ವತ ಎಂದು ನಾವು ಭಾವಿಸುತ್ತೇವೆ. ಆರ್ಚಿಬಾಲ್ಡ್ ಗೀಕಿ ಎಂಬ ಭೂವಿಜ್ಞಾನಿ ಸ್ಕಾಟ್ಲೆಂಡಿನ ಎಡಿನ್‌ಬರೋ ಸ್ಮಶಾನಗಳಲ್ಲಿ ಓಡಾಡಿ 1880ರಲ್ಲಿ ಒಂದು ಪ್ರಬಂಧ ಬರೆದ. ಗೋರಿಕಲ್ಲಿನ ಮೇಲೆ ಅದನ್ನು ನೆಟ್ಟ ವರ್ಷ ಬರೆದೇ ಇರುತ್ತದೆ; ಹಾಗಾಗಿ ಯಾವ ಕಲ್ಲು ಎಷ್ಟು ವರ್ಷದಲ್ಲಿ ಎಷ್ಟು ಸವೆಯಿತೆಂದು ತಿಳಿಯಲು ಸ್ಮಶಾನಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ ಎಂಬುದು ಅವನ ಯುಕ್ತಿ. ದುಬಾರಿ ಅಮೃತಶಿಲೆಯ ಫಲಕಗಳು ಆ ಹೊಗೆಯ ಊರಿನಲ್ಲಿ ನೂರು ವರ್ಷ ತುಂಬುವ ಮುಂಚೆಯೇ ಪುಡಿಯಾಗುತ್ತಿದ್ದುದನ್ನು ಅವನು ಕಂಡ. ಕಾರಣ ನಮ್ಮ ಅಡಿಗೆಮನೆಯಲ್ಲೇ ಇದೆ. ಮೊಟ್ಟೆಯ ಚಿಪ್ಪಿನ ಮೇಲೆ ನಿಂಬೆರಸ ಹಿಂಡಿ ನೋಡಿ, ನೊರೆ ಏಳುತ್ತದೆ. ಚಿಪ್ಪೂ ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೋನೇಟೇ. ಸೀಮೆಸುಣ್ಣದಲ್ಲಿ ಪ್ರಯತ್ನಿಸಬೇಡಿ, ಈಗಿನ ಸೀಮೆಸುಣ್ಣ ಬಹುಮಟ್ಟಿಗೆ ಜಿಪ್ಸಂ. ನೊರೆ ಬಾರದೆ ಮೇಷ್ಟರ ಮಾತೇ ಸುಳ್ಳೆನಿಸೀತು! ಮಳೆನೀರು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಹಗುರ ಆಮ್ಲವಾಗಿರುತ್ತದೆ. ಕಲ್ಲಿದ್ದಲಿನ ಹೊಗೆಯ ಗಂಧಕವೂ ಸೇರಿದರೆ ಅಮೃತಶಿಲೆಯ ಮೈಯೇ ಜಿಪ್ಸಂ ಆಗಿ ಪದರ ಪದರವಾಗಿ ಏಳುತ್ತದೆ. ಅಮೃತಶಿಲೆಯಲ್ಲಿ ಅಕ್ಷರ ಕೊರೆದು ಅದರೊಳಗೆ ಸೀಸ ತುಂಬುವ ಪದ್ಧತಿ ಇತ್ತು. ನೆಟ್ಟ ದಿನ ಸೀಸ ಕಲ್ಲಿನ ಮೈಗೆ ಸಮವಾಗಿರುತ್ತದೆ. ಹಳೆಯ ಗೋರಿಯಲ್ಲಿ ಆ ಅಕ್ಷರಗಳು ಕೈಗೆ ಉಬ್ಬಾಗಿ ತಾಕಿದರೆ ಉಬ್ಬಿದ್ದು ಸೀಸವಲ್ಲ, ಸವೆದದ್ದು ಕಲ್ಲು. ಎಷ್ಟು ಸವೆಯಿತೆಂದು ಸ್ಕೇಲ್ ಇಟ್ಟು ಅಳೆಯಬಹುದು.

ನಮ್ಮ ಬಯಲುಸೀಮೆಯ ಕಲ್ಲು ಗ್ರಾನೈಟಿನ ಜಾತಿಯದು. ಲಾಲ್‌ಬಾಗಿನ ಬಂಡೆಯಂತೆ 300 ಕೋಟಿ ವರ್ಷಗಳ ಹಳೆಯದು; ನಿಂಬೆರಸಕ್ಕೆ ಜಗ್ಗುವುದಿಲ್ಲ. ಆದರೆ ಅದು ಉಳಿಗೂ ಸುಲಭವಾಗಿ ಜಗ್ಗದ ಕಾರಣ ಹಳ್ಳಿಯ ಕಲ್ಲುಕುಟಿಗ ಅಕ್ಷರವನ್ನು ಮೇಲುಮೇಲೆ ಕೆತ್ತಿರುತ್ತಾನೆ. ಕರಾವಳಿಯ ಮುರಕಲ್ಲಿನಲ್ಲಿ ಅಕ್ಷರ ನಿಲ್ಲುವುದೇ ಇಲ್ಲ. ಮೇಲೆ ಗಾರೆ ಮೆತ್ತಿ ಬರೆಯುತ್ತಾರೆ, ಗಾರೆ ಉದುರಿದ ದಿನ ಹೆಸರೂ ಉದುರುತ್ತದೆ. ಕಲ್ಲಿನ ಮೇಲೆ ಬೂದು, ಹಳದಿ ಬಣ್ಣದ ಚಕ್ಕೆಗಳಂತೆ ಹಬ್ಬಿರುವುದು ಕೊಳೆಯಲ್ಲ, ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಅದು. ಬಹಳ ನಿಧಾನವಾಗಿ, ಹೆಚ್ಚುಕಡಿಮೆ ವೃತ್ತಾಕಾರದಲ್ಲಿ ಹರಡುತ್ತದೆ. ಅದರ ಅಗಲದಿಂದ ಕಲ್ಲು ಎಷ್ಟು ಕಾಲದಿಂದ ಬಯಲಿನಲ್ಲಿದೆ ಎಂದು ಅಂದಾಜಿಸುವ ವಿಧಾನವನ್ನು ಆಸ್ಟ್ರಿಯಾದ ರೋಲಂಡ್ ಬೆಷೆಲ್ 1950ರಲ್ಲಿ ಕ್ರಮಪಡಿಸಿದ. ಬೆಳವಣಿಗೆಯ ವೇಗ ತಿಳಿಯಲು ಅವನಿಗೂ ನೆರವಾದದ್ದು ತಾರೀಖಿರುವ ಗೋರಿಕಲ್ಲುಗಳೇ.

ಹಾಗಾದರೆ ನಮ್ಮ ಹಳ್ಳಿಗಳ ಸ್ಮಶಾನದಲ್ಲಿ ಏನಿದೆ? ನಮ್ಮಲ್ಲೆಲ್ಲ ಸುಡುತ್ತಾರೆ ಎಂದು ಪಟ್ಟಣದ ಮಕ್ಕಳು ಹೇಳುತ್ತಾರೆ. ಹಾಗೇನಿಲ್ಲ. ಲಿಂಗಾಯತರು, ಮುಸಲ್ಮಾನರು, ಕ್ರೈಸ್ತರು, ಅನೇಕ ಒಕ್ಕಲು ಮನೆತನದವರು, ದಲಿತರು ಹೂಳುವವರೇ. ಎಷ್ಟೋ ಮನೆತನಗಳ ಸಮಾಧಿಗಳು ಊರ ಸ್ಮಶಾನದಲ್ಲೂ ಇಲ್ಲ, ಸ್ವಂತ ಹೊಲದ ಅಂಚಿನಲ್ಲಿವೆ. ಹೆಚ್ಚಿನವಕ್ಕೆ ಅಕ್ಷರವಿಲ್ಲ, ನೆಟ್ಟ ಒಂದು ಕಲ್ಲು ಅಷ್ಟೇ. ಅಕ್ಷರವಿಲ್ಲದ ಗೋರಿಯೂ ಸ್ವಲ್ಪ ಮಾತಾಡುತ್ತದೆ. ಜೇಬಿನಲ್ಲಿ ದಿಕ್ಸೂಚಿ ಇರಲಿ. ನಮ್ಮ ದೇಶದ ಖಬರಸ್ತಾನಗಳಲ್ಲಿ ಗೋರಿಗಳು ಉತ್ತರ ದಕ್ಷಿಣವಾಗಿರುತ್ತವೆ, ಮಲಗಿದವರ ಮುಖ ಪಶ್ಚಿಮಕ್ಕೆ, ಮೆಕ್ಕಾದ ಕಡೆಗೆ. ಹಳೆಯ ಕ್ರೈಸ್ತ ಗೋರಿಗಳು ಸಾಮಾನ್ಯವಾಗಿ ಪೂರ್ವ ಪಶ್ಚಿಮ. ಲಿಂಗಾಯತರು ಕುಳ್ಳಿರಿಸಿ ಸಮಾಧಿ ಮಾಡುವುದರಿಂದ ಉದ್ದನೆಯ ಗೋರಿ ಬೇಕಾಗುವುದಿಲ್ಲ. ಯಾವ ಕಲ್ಲು ಯಾರದು ಎಂಬುದು ಮಾತ್ರ ಮನೆಯ ಹಿರಿಯರೊಬ್ಬರ ನೆನಪಿನಲ್ಲಿರುತ್ತದೆ. ಬೇಲಿಯಿಂದ ಮೂರನೆಯದು ದೊಡ್ಡಪ್ಪನದು, ಅದರ ಪಕ್ಕದ ಸಣ್ಣದು ಎಳೆಯದರಲ್ಲೇ ಹೋದ ಕೂಸಿನದು ಎಂದು ಅವರು ಹೇಳುತ್ತಾರೆ. ಹೆಜ್ಜೆ ಎಣಿಸಿ, ನಕ್ಷೆ ಬರೆದು, ಕಲ್ಲುಗಳಿಗೆ ಸಂಖ್ಯೆ ಕೊಟ್ಟು ಅವರೆದುರಿಗೇ ಹೆಸರು ತುಂಬಬೇಕು. ಆ ಹಿರಿಯರ ನಂತರ ಅವು ಬರೀ ಕಲ್ಲು. ಹೊಲ ಮಾರಿ ಲೇಔಟ್ ಆದರೆ ಕಲ್ಲೂ ಇರುವುದಿಲ್ಲ. ಜೆಸಿಬಿಗೆ ಅದು ಒಂದು ಬೆಳಗಿನ ಕೆಲಸ.

ಅಕ್ಷರವಿದ್ದರೆ ಇನ್ನೊಂದು ತೊಡಕು, ಕಾಲದ ಲೆಕ್ಕ. ಶಕವರ್ಷವಿದ್ದರೆ 78 ಕೂಡಿಸಿದರೆ ಇಸವಿ ಬರುತ್ತದೆ. ಹಿಜರಿ ವರ್ಷ ಚಂದ್ರನದು, ಸುಮಾರು 354 ದಿನ, ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. 1300ನೇ ಹಿಜರಿ ಎಂದರೆ ಹೀಗೆ 1883ರ ಸುಮಾರು. ಬರೀ ಸಂವತ್ಸರದ ಹೆಸರಿದ್ದರೆ? ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಹೆಸರೊಂದರಿಂದಲೇ ತೀರ್ಮಾನವಾಗದು. ಪ್ರಭವ ಸಂವತ್ಸರ ಬಂದದ್ದು 1867, 1927 ಮತ್ತು 1987ರ ಯುಗಾದಿಗೆ. ನಿಮ್ಮ ಸಂವತ್ಸರ ಪಟ್ಟಿಯಲ್ಲಿ ಎಷ್ಟನೆಯದೋ ನೋಡಿ, ಒಂದು ಕಳೆದು, ಈ ಇಸವಿಗಳಿಗೆ ಕೂಡಿಸಿ. ವಿಳಂಬಿ 32ನೆಯದು, 1867ಕ್ಕೆ 31 ಕೂಡಿಸಿದರೆ 1898. ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ವರ್ಷ ಅದು. ಕಾಳಯುಕ್ತಿ 52ನೆಯದು; 1867ಕ್ಕೆ 51 ಸೇರಿಸಿದರೆ 1918. ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಇನ್‌ಫ್ಲುಯೆಂಜಾ ವರ್ಷ. ಜನವರಿಯಿಂದ ಯುಗಾದಿಯವರೆಗಿನ ದಿನಗಳು ಹಿಂದಿನ ಸಂವತ್ಸರಕ್ಕೇ ಸೇರುತ್ತವೆ, ಅದು ನೆನಪಿರಲಿ. 'ನಮ್ಮಜ್ಜ ಊರು ಬಿಟ್ಟು ಗುಡಿಸಲಲ್ಲಿದ್ದಾಗ ಹುಟ್ಟಿದ್ದಂತೆ' ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಕಿವಿ ನಿಮಿರಬೇಕು. ಪ್ಲೇಗು ಬಂದಾಗ ಜನ ಊರು ಖಾಲಿ ಮಾಡಿ ಹೊರಗೆ ಗುಡಿಸಲು ಹಾಕುತ್ತಿದ್ದರು. ಪ್ಲೇಗು ಒಮ್ಮೆ ಬಂದು ಹೋದದ್ದಲ್ಲ. ನಿಮ್ಮೂರಿಗೆ ಯಾವ ಯಾವ ವರ್ಷ ಬಂದಿತ್ತೆಂದು ವಿಚಾರಿಸಬೇಕು.

ವಯಸ್ಸಿನ ವಿಷಯದಲ್ಲಿ ಅನುಮಾನ ಇಟ್ಟುಕೊಂಡಿರಿ. ಹಳೆಯ ಕಲ್ಲುಗಳಲ್ಲಿ 60, 70, 80ಕ್ಕೆ ಸತ್ತವರು ವಿಪರೀತ, 67ಕ್ಕೆ ಸತ್ತವರು ಕಡಿಮೆ. ಯಮನಿಗೆ ದುಂಡು ಸಂಖ್ಯೆಯ ಮೇಲೆ ಪ್ರೀತಿಯೇನೂ ಇಲ್ಲ. ಹುಟ್ಟಿದ ದಿನ ಗೊತ್ತಿಲ್ಲದವರು ಅಂದಾಜಿನಲ್ಲಿ ಬರೆಸುತ್ತಿದ್ದರು. ಹೆಸರುಗಳ ಗೊಂದಲ ಬೇರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಸಿದ್ದಪ್ಪನ ಮಗ ಕರಿಯಪ್ಪ, ಕರಿಯಪ್ಪನ ಮಗ ಸಿದ್ದಪ್ಪ ಎಂದು ಸರಪಣಿ ನಡೆಯುತ್ತದೆ. ಎರಡು ಸಿದ್ದಪ್ಪರನ್ನು ಒಬ್ಬನೆಂದು ತಿಳಿದರೆ ಐವತ್ತು ವರ್ಷ ಮಾಯ!

ಊರ ಮುಂದಿನ ವೀರಗಲ್ಲುಗಳನ್ನು ಇಲ್ಲಿ ಮರೆಯುವಂತಿಲ್ಲ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವುದು ಒಂಬತ್ತನೇ ಶತಮಾನದ ಕೊನೆಯ, ಬೇಗೂರಿನ ಅಂಥ ಒಂದು ಕಲ್ಲಿನಲ್ಲಿ. ಹತ್ತನೇ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯ ನೆನಪಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು ಸಾವಿರ ವರ್ಷ ಉಳಿಯಿತು, ನಮ್ಮ ಮುತ್ತಜ್ಜಿಯ ಹೆಸರು ಉಳಿಯಲಿಲ್ಲ! ನಿಮ್ಮೂರಿನ ಕಲ್ಲಿನಲ್ಲಿ ಬರಹವಿದ್ದರೆ ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ದೊಡ್ಡ ಗ್ರಂಥಾಲಯದಲ್ಲಿ ನೋಡಿ. ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಶಾಸನಗಳು ಅದರಲ್ಲಿವೆ. ಆದರೆ ಊರ ಮುಂದೆ ವೀರಗಲ್ಲಿದೆ ಎಂದ ಮಾತ್ರಕ್ಕೆ ಆ ವೀರ ನಮ್ಮ ವಂಶದವನೆಂದು ಹೇಳಿಕೊಳ್ಳಬಾರದು. ನಡುವಿನ ನಲವತ್ತು ತಲೆಮಾರಿಗೆ ಆಧಾರವೆಲ್ಲಿ? ಹಿಂದಿನಿಂದ ಮುಂದಕ್ಕೆ ಬರಬಾರದು, ಇಂದಿನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು.

ಆ ಮೆಟ್ಟಿಲುಗಳು ಸ್ಮಶಾನದ ಹೊರಗೂ ಇವೆ. ಉತ್ತರ ಕರ್ನಾಟಕದವರಿಗೆ ಹೆಳವರು ಗೊತ್ತು. ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ನಿಂತು ವಂಶಾವಳಿಯನ್ನು ಒಪ್ಪಿಸುತ್ತಿದ್ದ ಜನ ಅವರು. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಅವರನ್ನು ಭಿಕ್ಷುಕರೆಂದು ತಿಳಿದವರುಂಟು. ನಡೆದಾಡುವ ದಫ್ತರು ಅದು. ನಿಮ್ಮ ಮನೆಗೆ ಬರುವ ಹೆಳವರಿದ್ದರೆ ದಯವಿಟ್ಟು ಕೂರಿಸಿ ಕೇಳಿ. ಹರಿದ್ವಾರ, ಗಯೆಗಳ ಪಂಡರ ಬಳಿಯೂ ಯಾತ್ರೆಗೆ ಬಂದವರ ಮನೆತನದ ವಹಿಗಳಿವೆ. ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ಹುಟ್ಟಿದ ದಿನ ಇರುತ್ತದೆ. ಹುಟ್ಟಿದ ದಿನ ಅನೇಕ ವೇಳೆ ಮೇಷ್ಟರ ಸೃಷ್ಟಿ, ಮಾತು ಬೇರೆ. ಹಳೆಯ ಕ್ರಯಪತ್ರ, ಪಾಲುಪತ್ರಗಳು ಅಟ್ಟದ ಟ್ರಂಕಿನಲ್ಲಿದ್ದರೆ ಮೂರು ತಲೆಮಾರು ಒಟ್ಟಿಗೇ ಸಿಕ್ಕಬಹುದು.

ಪೋಷಕರಿಗೆ ಒಂದು ಮಾತು. ಮಕ್ಕಳನ್ನು ಸ್ಮಶಾನಕ್ಕೆ ಕರೆದೊಯ್ಯುವುದೇ ಎಂದು ಹಿಂಜರಿಯುವವರಿದ್ದೀರಿ. ಭೂತದ ಭಯ ನನಗಿಲ್ಲ, ಹಾವಿನ ಭಯ ಇದೆ. ಮಳೆಗಾಲದ ಹುಲ್ಲಿನಲ್ಲಿ ಹೋಗಬೇಡಿ. ಸುಗ್ಗಿಯ ನಂತರ, ಬೂಟು ಹಾಕಿ, ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡು, ನೋಡಿಕೊಳ್ಳುವವರ ಅಪ್ಪಣೆ ಪಡೆದು ಹೋಗಿ. ಕಲ್ಲನ್ನು ತಂತಿ ಬ್ರಷ್ಷಿನಿಂದ ಉಜ್ಜುವುದು, ಆಸಿಡ್ ಹಾಕುವುದು, ಅಕ್ಷರಕ್ಕೆ ಬಣ್ಣ ತುಂಬುವುದು ಬೇಡವೇ ಬೇಡ. ಸವೆದ ಕನ್ನಡ ಅಂಕಿಗಳಲ್ಲಿ ಮೂರು, ಆರು, ಒಂಬತ್ತು ಒಂದರಂತೊಂದು ಕಾಣುತ್ತವೆ. ಬಣ್ಣ ತುಂಬಿದವನ ತಪ್ಪೇ ಮುಂದೆ ದಾಖಲೆಯಾಗುತ್ತದೆ. ಸವೆದ ಅಕ್ಷರ ಓದಲು ಮುಖ ನೋಡುವ ಕನ್ನಡಿ ಸಾಕು. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಒಂದು ಬದಿಯಿಂದ ಅಡ್ಡಲಾಗಿ ಹಾಯಿಸಿದರೆ ಪ್ರತಿ ಗೀರಿಗೂ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ. ಮೊಬೈಲಿನಲ್ಲಿ ಪಟ ತೆಗೆದುಕೊಳ್ಳಿ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ. ತಿಳಿಯದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಿ, ಊಹೆ ಬೇಡ.

ಹೀಗೆಲ್ಲ ಮಾಡಿ ಮುಗಿಸಿದರೂ ಮಕ್ಕಳು ತರುವ ವಂಶವೃಕ್ಷಗಳಲ್ಲಿ ಒಂದು ಬದಿ ಖಾಲಿ ಇರುತ್ತದೆ. ಕಲ್ಲಿನ ಮೇಲೆ ಇಂಥವರ ಧರ್ಮಪತ್ನಿ ಎಂದಿರುತ್ತದೆ, ಹೆಸರಿರುವುದಿಲ್ಲ. ಮಾಸ್ತಿಗಲ್ಲುಗಳಲ್ಲೂ ಬಳೆ ತೊಟ್ಟು ಮೇಲೆತ್ತಿದ ಕೈ ಇರುತ್ತದೆ, ಬಹಳಷ್ಟು ಕಡೆ ಹೆಸರಿಲ್ಲ. ಕೆಲವು ಮನೆತನಗಳಲ್ಲಿ ಮದುವೆಯಾದಾಗ ಹೆಣ್ಣಿನ ಹೆಸರೇ ಬದಲಾಗುತ್ತಿತ್ತು. ಅನುವಂಶೀಯತೆಯ ಲೆಕ್ಕದಲ್ಲಿ ಈ ಬದಿಯ ಪಾಲು ಸರಿಯಾಗಿ ಅರ್ಧ. ಒಂದು ಕೈ ಹೆಚ್ಚೇ ಎನ್ನಿ. ಜೀವಕೋಶದ ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ, ತಾಯಿಗೆ ಅವಳ ತಾಯಿಯಿಂದ. ಆದ್ದರಿಂದ ಅಜ್ಜಿಯ ತವರೂರು ಯಾವುದು, ಅಲ್ಲಿ ಈಗ ಯಾರಿದ್ದಾರೆ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಶ್ರಾದ್ಧ, ತರ್ಪಣ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜರ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಹೇಳುತ್ತಾರೆ. ಮಂತ್ರದ ವೇಗದಲ್ಲಿ ಅವು ಕೇಳಿಸುವುದಿಲ್ಲ, ಮುಗಿದ ಮೇಲೆ ನಿಧಾನವಾಗಿ ಕೇಳಿ ಬರೆದುಕೊಳ್ಳಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ ಪಂಚೆಯ ಜೊತೆಗೆ ಸೀರೆಯನ್ನೂ ಇಡುತ್ತಾರಲ್ಲ, ಈ ಸಲ ಅಜ್ಜಿಯ ಪಕ್ಕ ಕುಳಿತು ಕೇಳಿ: ಈ ಸೀರೆ ಯಾರಿಗೆ, ಅವರ ಹೆಸರೇನು, ಯಾವೂರಿನವರು?